ಬಾಯಾರಿದ ಕುರ್ಚಿ

ಬಹಳ ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಯೂ ಇನ್ನೂ ಹುಟ್ಟಿರದ ಕಾಲದಲ್ಲಿ, ಹೊನ್ನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಅರಮನೆ ಮರದ್ದು, ಕೋಟೆ ಬಾಗಿಲು ಮರದ್ದು, ಸೇತುವೆ ಮರದ್ದು. ರಾಜ ಊಟ ಮಾಡುವ ತಟ್ಟೆಯೂ ಮರದ್ದೇ. ಆ ರಾಜನಿಗೆ ಇಬ್ಬರು ಮಕ್ಕಳು. ಮಗ ಚಾಗಿರಾಯ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಮಗಳು ಚಂದಲೆ, ಕಂಡದ್ದಕ್ಕೆಲ್ಲ ‘ಅದ್ಯಾಕೆ ಹಾಗೆ?’ ಎಂದು ಕೇಳುವವಳು. ಅವಳು ಬರುವುದು ಕಂಡರೆ ಮಂತ್ರಿಗಳು ಕಂಬದ ಹಿಂದೆ ಅಡಗುತ್ತಿದ್ದರು. ಗೊತ್ತಿಲ್ಲ ಎನ್ನುವುದಕ್ಕೆ ಮಂತ್ರಿಗಳಿಗೆ ಬಾಯಿ ಬರಬೇಕಲ್ಲ, ಪಾಪ.

ಒಂದು ಬೇಸಿಗೆಯಲ್ಲಿ ಜಡಿಮಲ್ಲನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನು ಮಳೆಯ ಒಡೆಯ. ಹೊರಗೆ ಬಿಸಿಲು ಸುಡುತ್ತಿದ್ದರೂ ಅವನ ನಿಲುವಂಗಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಅವನ ಮಾಯೆಯೆಲ್ಲ ಆ ಒದ್ದೆ ಅಂಗಿಯಲ್ಲೇ ಇತ್ತು. ಬಂದವನೇ ಸಿಂಹಾಸನದ ಪಕ್ಕದ ಪೀಠದಲ್ಲಿ ಕೂರಲು ಹೋದ.

“ಸ್ವಾಮಿ, ಒದ್ದೆ ಬಟ್ಟೇಲಿ ಕೂರಬೇಡಿ. ಮರ ಹಾಳಾಗುತ್ತೆ,” ಎಂದ ಚಾಗಿರಾಯ.

ಸಭೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಜಡಿಮಲ್ಲನ ಮುಖ ಕಪ್ಪಿಟ್ಟಿತು. “ಮರದ ಮೇಲೆ ಅಷ್ಟು ಪ್ರೀತಿಯೋ? ಹಾಗಾದರೆ ಮರವೇ ಆಗು,” ಎಂದು ಅಂಗಿಯ ತುದಿ ಹಿಂಡಿದ. ಒಂದು ಹನಿ ರಾಜಕುಮಾರನ ಹಣೆಗೆ ಬಿತ್ತು. ಚಾಗಿರಾಯ ಹೊನ್ನೆ ಮರದ ಕುರ್ಚಿಯಾಗಿ ಹಾರಿಹೋಗಿ ಅರಮನೆಯ ಮುಂದಿನ ಬಯಲಲ್ಲಿ ನಿಂತ. ಕುರ್ಚಿಯ ಬೆನ್ನಿನ ಒರಗಿನಲ್ಲಿ ಎರಡು ಗಂಟುಗಳಿದ್ದವು. ಅವು ಅವನ ಕಣ್ಣುಗಳು.

“ಇವನು ಈ ಬಯಲಲ್ಲೇ ಇರಬೇಕು. ಮೇಲೆ ಸೂರು ಕಟ್ಟಿದರೆ ಬೂದಿಯಾಗುತ್ತಾನೆ. ಬಣ್ಣ ಬಳಿದು ಕಣ್ಣು ಮುಚ್ಚಿದರೆ ಎಂದೆಂದಿಗೂ ಕುರ್ಚಿಯೇ. ಮಳೆಗಾಲಕ್ಕೆ ನನ್ನ ಮೂರು ಮಳೆ ಕಳಿಸುತ್ತೇನೆ. ಒಂದು ಹನಿ ಮರದೊಳಗೆ ಇಳಿದರೂ ಕೊಳೆತು ಮಣ್ಣಾಗುತ್ತಾನೆ. ಇಳಿಯದೆ ಹೋದರೆ ನಿಮ್ಮ ಹುಡುಗ ನಿಮಗೆ,” ಎಂದು ಹೇಳಿ ಜಡಿಮಲ್ಲ ಹೊರಟುಹೋದ.

ರಾಜ ಕುರ್ಚಿಯ ಕೈ ಹಿಡಿದುಕೊಂಡು ಅತ್ತ. ಒಬ್ಬ ಮಂತ್ರಿ ಚಿನ್ನದ ತಗಡು ಹೊದಿಸೋಣ ಎಂದ, ಇನ್ನೊಬ್ಬ ಸುಣ್ಣ ಬಳಿಯೋಣ ಎಂದ. ಎರಡರಲ್ಲೂ ಕಣ್ಣು ಮುಚ್ಚುತ್ತದೆ ಎಂದು ಮೂರನೆಯವನು ತಲೆ ಚಚ್ಚಿಕೊಂಡ.

ಚಂದಲೆ ಕಣ್ಣೊರೆಸಿಕೊಂಡು ಹೇಳಿದಳು, “ಅಪ್ಪಾಜಿ, ನೀರಲ್ಲಿದ್ದೂ ನೆನೆಯದವು ಲೋಕದಲ್ಲಿ ಎಷ್ಟೋ ಇವೆ. ಅದ್ಯಾಕೆ ನೆನೆಯಲ್ಲ ಅಂತ ಅವನ್ನೇ ಕೇಳಿಕೊಂಡು ಬರ್ತೀನಿ. ಅಣ್ಣ, ಹೋಗಿ ಬರಲಾ? ಹೂಂ ಅನ್ನೋದಾದರೆ ಒಂದು ಸಲ ಕಿರ್ ಅನ್ನು, ಬೇಡ ಅನ್ನೋದಾದರೆ ಎರಡು ಸಲ.”

ಕುರ್ಚಿ ಒಂದು ಸಲ ಕಿರ್ ಎಂದಿತು.

ನಡೆದಳು, ನಡೆದಳು, ದಾರಿಯುದ್ದಕ್ಕೂ ಕೇಳುತ್ತ ನಡೆದಳು. ಬಯಲುಸೀಮೆಯಲ್ಲಿ ಒಂದು ಗಾಣವಿತ್ತು. ಹೊಡೆಯುವವರಿಲ್ಲದೆ ಒಂಟಿ ಎತ್ತು ಅದನ್ನು ಸುತ್ತುತ್ತಿತ್ತು. ಎತ್ತಿನ ಮೈ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು, ನೀರು ಬಿದ್ದರೂ ನಿಲ್ಲದೆ ಜಾರುವಂತಿತ್ತು.

“ಎತ್ತಪ್ಪ, ನೀನ್ಯಾಕೆ ನೆನೆಯಲ್ಲ?” ಎಂದು ಕೇಳಿದಳು.

“ನನ್ನ ಜೊತೆ ನೊಗ ಹೊತ್ತರೆ ಹೇಳ್ತೀನಿ. ಇಷ್ಟು ಕಾಲವಾಯ್ತು, ಒಬ್ಬರೂ ಜೊತೆ ಕೊಟ್ಟಿಲ್ಲ,” ಎಂದಿತು ಎತ್ತು.

ರಾಜಕುಮಾರಿ ನೊಗಕ್ಕೆ ಹೆಗಲು ಕೊಟ್ಟಳು. ಹೆಗಲು ಕೆಂಪಾಯಿತು, ಕಾಲು ಸೋತಿತು, ಆದರೂ ಬಿಡಲಿಲ್ಲ. ಎತ್ತಿಗೆ ಸಂತೋಷವಾಗಿ ಒಂದು ಗಡಿಗೆ ಅಗಸೆ ಎಣ್ಣೆ ಕೊಟ್ಟಿತು. “ಒಣಗಿದ ಮರಕ್ಕೆ ಮಾತ್ರ ಹಚ್ಚು ತಾಯಿ. ಒದ್ದೆ ಮರಕ್ಕೆ ಹಚ್ಚಿದರೆ ನೀರನ್ನ ಒಳಗೇ ಕೂಡಿಹಾಕಿದ ಹಾಗೆ,” ಎಂದಿತು.

ನಡೆದಳು, ನಡೆದಳು, ಕೇಳುತ್ತ ನಡೆದಳು. ಬಂಡೆಯೊಂದರಲ್ಲಿ ಮನೆಯಷ್ಟು ದೊಡ್ಡ ಜೇನುಗೂಡಿತ್ತು. ಜಲಪಾತ ಅದರ ಮೇಲೇ ಧುಮುಕಿದರೂ ಗೂಡು ನೆನೆದಿರಲಿಲ್ಲ.

“ಜೇನವ್ವ, ನಿನ್ನ ಮನೆ ಯಾಕೆ ನೆನೆಯಲ್ಲ?”

“ಕೈ ಒಳಗೆ ಹಾಕಿ ನೀನೇ ನೋಡು. ಕೈ ನಡುಗಿದರೆ ಮಾತ್ರ ಕಚ್ತೀವಿ,” ಎಂದಳು ಜೇನುರಾಣಿ.

ಚಂದಲೆಗೆ ಹೆದರಿಕೆಯೇನೋ ಆಯಿತು. ಆದರೆ ಒಳಗೇನಿದೆ ಎಂಬ ಕುತೂಹಲ ಹೆದರಿಕೆಗಿಂತ ಒಂದು ಕೈ ಮೇಲೇ ಇತ್ತು. ಕೈ ನಡುಗಲಿಲ್ಲ, ಮುಷ್ಟಿ ತುಂಬ ಮೇಣ ಬಂತು. “ತೆಳ್ಳಗೆ ಸವರಿ, ಹೆಚ್ಚಾದದ್ದನ್ನ ಒರೆಸಿಬಿಡು ಮಗಳೇ. ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತೆ,” ಎಂದಳು ರಾಣಿ.

ನಡೆದಳು, ನಡೆದಳು, ಕೇಳುತ್ತ ನಡೆದಳು. ಕಾಡಿನ ನಡುವೆ ಒಂದು ಮರವನ್ನು ಹೆಬ್ಬಾವು ಸುತ್ತಿಕೊಂಡಿತ್ತು. ಅದರ ಮೈಯೆಲ್ಲ ರಾಳ. ಎಷ್ಟು ತಿಳಿಯೆಂದರೆ ಹಾವಿನ ಮೈಯ ಮೂಲಕ ಮರದ ತೊಗಟೆ ಕಾಣುತ್ತಿತ್ತು. ಚಂದಲೆಯ ನಾಲಿಗೆಯ ತುದಿಗೆ ಹತ್ತಾರು ಪ್ರಶ್ನೆ ಬಂದವು.

“ಕೇಳಬೇಡ. ನಾನು ಪೊರೆ ಬಿಡುವವರೆಗೆ ಒಂದೇ ಒಂದು ಪ್ರಶ್ನೆ ಕೇಳದೆ ಇದ್ದರೆ ಪೊರೆ ನಿನ್ನದು,” ಎಂದಿತು ಹಾವು.

ನೊಗ ಹೊರುವುದು ಸುಲಭ, ಜೇನಿಗೆ ಕೈ ಹಾಕುವುದು ಸುಲಭ, ಇದು ಅವಳಿಗೆ ಪ್ರಾಣ ಹೋಗುವಷ್ಟು ಕಷ್ಟ. ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಳು. ಹಾವು ನಿಧಾನವಾಗಿ ಪೊರೆ ಬಿಡುತ್ತ, “ಮರಕ್ಕೆ ಎಲ್ಲಿ ಹೆಚ್ಚು ಬಾಯಾರಿಕೆಯೋ ಅಲ್ಲಿ ಹೆಚ್ಚು ಹಚ್ಚು,” ಎಂದಿತು. ಎಲ್ಲಿ ಬಾಯಾರಿಕೆ ಎಂದು ಕೇಳಲು ಚಂದಲೆ ಚಡಪಡಿಸಿದಳು. ಕೇಳುವಂತಿರಲಿಲ್ಲ. ಪೊರೆ ಕಳಚಿ ಬಿತ್ತು, ಹಾವು ಮಾಯವಾಯಿತು.

ಅವಳು ಊರಿಗೆ ಬಂದಾಗ ಕುರ್ಚಿ ಬಿಸಿಲಿಗೆ ಚೆನ್ನಾಗಿ ಒಣಗಿತ್ತು. ಧೂಳು ಒರೆಸಿದಳು. ಎಣ್ಣೆ, ಮೇಣ, ರಾಳದ ಪೊರೆ ಮೂರನ್ನೂ ಹದವಾಗಿ ಕಾಯಿಸಿದಳು. ಬಟ್ಟೆಯಲ್ಲಿ ಅದ್ದಿ ಒರಗಿಗೆ, ಕೈಗಳಿಗೆ, ಕೂರುವ ಹಲಗೆಗೆ, ಕಾಲುಗಳ ಸುತ್ತ ತೆಳ್ಳಗೆ ಸವರಿ ಒರೆಸಿದಳು. ಲೇಪ ಹಚ್ಚಿದ್ದೇ ಕಾಣಲಿಲ್ಲ. ಮರದ ಗೆರೆಗಳು ಮಾತ್ರ ಎದ್ದು ಕಂಡವು, ಆ ಎರಡು ಗಂಟುಗಳಿಗೆ ಕಳೆ ಬಂತು.

ಮಳೆಗಾಲ ಬಂತು. ಮೊದಲ ಮಳೆ ಸೋನೆ. ಹನಿಗಳು ಕುರ್ಚಿಯ ಮೇಲೆ ಮಣಿಗಳಾಗಿ ನಿಂತು, ಉರುಳಿ, ಕೆಳಗೆ ಬಿದ್ದವು. ಎರಡನೆಯ ಮಳೆ ಗಾಳಿಯನ್ನೂ ಕರೆದುಕೊಂಡು ನಾಲ್ಕು ದಿಕ್ಕಿನಿಂದ ಬಂದು ಬಡಿಯಿತು. ಅದೂ ಜಾರಿ, ಕುರ್ಚಿಯ ಬುಡದಲ್ಲಿ ನಿಲ್ಲದೆ ಹರಿದುಹೋಯಿತು. ಮೂರನೆಯ ಮಳೆ ಬರಲೇ ಇಲ್ಲ. ಆಕಾಶ ತಿಳಿಯಾಗಿ ಬಿಸಿಲು ಬಿತ್ತು. ಮಂತ್ರಿಗಳು ಗೆದ್ದೆವೆಂದು ಲಾಡು ಹಂಚತೊಡಗಿದರು.

“ಅದ್ಯಾಕೆ ಬರಲಿಲ್ಲ?” ಎಂದಳು ಚಂದಲೆ.

ಮಂತ್ರಿಗಳು ಅವಳ ಕೈಗೂ ಒಂದು ಲಾಡು ಇಟ್ಟರು. ಅವಳು ಲಾಡನ್ನು ಅಲ್ಲೇ ಬಿಟ್ಟು ಅಣ್ಣನ ಹತ್ತಿರ ಓಡಿದಳು. ಹಾವಿನ ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಇಷ್ಟು ದಿನವೂ ಇದನ್ನು ಅಣ್ಣನನ್ನೇ ಕೇಳಬೇಕೆಂದು ತನಗೆ ಹೊಳೆದಿರಲಿಲ್ಲವಲ್ಲ ಎಂದು ಸಂಕಟವಾಯಿತು.

“ಅಣ್ಣ, ನಿನಗೆ ಬಾಯಾರಿಕೆಯಾ?”

ಕಿರ್.

“ಒರಗಿನಲ್ಲಾ?”

ಕಿರ್, ಕಿರ್.

“ಕೈಯಲ್ಲಾ?”

ಕಿರ್, ಕಿರ್.

“ಕಾಲಲ್ಲಾ ಅಣ್ಣ?”

ಕಿರ್.

ಚಂದಲೆ ಬಗ್ಗಿ ಕುರ್ಚಿಯ ಕಾಲು ನೋಡಿದಳು. ಮರ ನೀರು ಕುಡಿಯುವುದು ಬುಡದಿಂದ. ಕುರ್ಚಿಯಾದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಎಲ್ಲರೂ ಆಕಾಶ ನೋಡುತ್ತಿದ್ದರು. ಮೂರನೆಯ ಮಳೆ ನೆಲದೊಳಗಿನಿಂದ ಬರುತ್ತಿತ್ತು. ಬಿಸಿಲಿಗೆ ಒಣಗಿದ್ದ ಮಣ್ಣು ಆಗಲೇ ಕುರ್ಚಿಯ ಸುತ್ತ ತೇವವಾಗತೊಡಗಿತ್ತು. ಕುರ್ಚಿಯನ್ನು ನಿಂತಲ್ಲೇ ಹಿಂದಕ್ಕೆ ಮಲಗಿಸಿದಳು. ಕಾಲುಗಳ ತಳ ಇನ್ನೂ ಒಣಗಿಯೇ ಇತ್ತು, ಅಲ್ಲಿ ಸಣ್ಣ ಸಣ್ಣ ರಂಧ್ರಗಳು ಬಾಯಿ ತೆರೆದುಕೊಂಡಿದ್ದವು. ಗಡಿಗೆಯಲ್ಲಿ ಉಳಿದಿದ್ದ ಲೇಪ ಹಚ್ಚಿದಳು. ಕಾಲು ಕುಡಿಯಿತು. ಮತ್ತೆ ಹಚ್ಚಿದಳು. ಮತ್ತೆ ಕುಡಿಯಿತು. ಸಾಕೆನ್ನುವವರೆಗೂ ಹಚ್ಚಿ, ಒರೆಸಿ, ಬಿಸಿಲಿಗೆ ಹಿಡಿದು, ಊದಿ ಊದಿ ಒಣಗಿಸಿದಳು. ಅಷ್ಟರಲ್ಲಿ ನೀರು ಉಕ್ಕಿ ಅವಳ ಮೊಣಕಾಲಿಗೆ ಬಂದಿತ್ತು. ಒರಗಿಗೆ ಲೇಪವಿದ್ದುದರಿಂದ ಅದು ನೀರಲ್ಲಿದ್ದರೂ ಚಿಂತೆಯಿರಲಿಲ್ಲ. ಕಾಲು ಒಣಗಿದ ಮೇಲೆ ಅಣ್ಣನನ್ನು ಎತ್ತಿ ನಿಲ್ಲಿಸಿದಳು. ನೀರು ನಾಲ್ಕೂ ಕಾಲನ್ನು ಸುತ್ತಿತು, ದಾರಿ ಹುಡುಕಿತು, ಸಿಗದೆ ಇಂಗಿಹೋಯಿತು.

ಜಡಿಮಲ್ಲ ಬುಸುಗುಡುತ್ತ ಬಂದ. “ಎಲ್ಲೋ ಒಂದು ಕಡೆ ಸಂದು ಇದ್ದೇ ಇರುತ್ತೆ. ನಾನೇ ಕೂತು ನೋಡ್ತೀನಿ,” ಎಂದು ಕುರ್ಚಿಯ ಮೇಲೆ ಕುಕ್ಕರಿಸಿದ. ಅಂಗಿಯ ನೀರನ್ನೆಲ್ಲ ಮರದ ಮೇಲೆ ಸುರಿದ. ನೀರು ಒಳಗಿಳಿಯದೆ ಜಾರಿ ನೆಲಕ್ಕೆ ಹೋಯಿತು. ಸಿಟ್ಟು ಏರಿತು, ಇನ್ನೂ ಸುರಿದ. ಅದೂ ಹೋಯಿತು. ಹಟದಲ್ಲಿ ಕೊನೆಯ ಹನಿಯನ್ನೂ ಸುರಿದುಬಿಟ್ಟ. ಬಿಸಿಲಿಗೆ ಅಂಗಿ ಗರಿಗರಿಯಾಗಿ ಒಣಗಿತು. ಮಾಯೆ ಹೋಗಿ, ಬೆಚ್ಚಗಾಗಿ ಕಣ್ಣು ಪಿಳಿಪಿಳಿ ಬಿಡುವ ಒಬ್ಬ ಮುದುಕ ಉಳಿದ.

ಶಾಪ ಬಿಟ್ಟಿತು. ಕುರ್ಚಿ ಚಾಗಿರಾಯನಾಯಿತು, ಮುದುಕ ಅವನ ತೊಡೆಯ ಮೇಲೆ ಕುಳಿತಿದ್ದ. ನಾಚಿಕೆಯಿಂದ ಏಳಲು ಹೋದವನ ಅಂಗಿಯನ್ನು ಚಾಗಿರಾಯ ಮುಟ್ಟಿ ನೋಡಿದ.

“ಪರವಾಗಿಲ್ಲ ಅಜ್ಜ, ಒಣಗಿದೆ. ಈಗ ಕೂತ್ಕೊಳ್ಳಿ,” ಎಂದ.

ಚಂದಲೆ ನಗುತ್ತ ಅಳುತ್ತ ಅಣ್ಣನ ಕುತ್ತಿಗೆಗೆ ಜೋತುಬಿದ್ದಳು. ಅಂದಿನಿಂದ ಹೊನ್ನೆಗಿರಿಯಲ್ಲಿ ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ಮುದುಕನೂ ಬಿಸಿಲು ಕಾಯಿಸಿಕೊಂಡು ಸುಖವಾಗಿದ್ದ. ಮಳೆಗಾಲಕ್ಕೆ ಮೊದಲು ಅಲ್ಲಿಯವರು ತಮ್ಮ ಕುರ್ಚಿ ಮಣೆಗಳನ್ನೆಲ್ಲ ಬಿಸಿಲಿಗೆ ಮಗುಚಿ, ಬಾಯಾರಿಕೆಯಾ ಎಂದು ಕೇಳಿ, ಮೊದಲು ಕಾಲಿಗೆ ಲೇಪ ಹಚ್ಚುತ್ತಿದ್ದರು.