ಅಲೆ ತಂದ ಉಂಗುರ

“ಕಾಲು ಎತ್ತಬೇಡ! ಎತ್ತಿದ್ರೆ ಜಾಗ ತಪ್ಪಿಹೋಗುತ್ತೆ!” ಮಾಮ ಕಿರುಚಿದ.

ಪಿಟೀಲು ಕಾಲು ಎತ್ತಲಿಲ್ಲ. ಅಲೆಯೇ ಅವಳನ್ನು ಎತ್ತಿ, ಮೊಣಕಾಲುದ್ದದ ನೀರಿನಲ್ಲಿ ದೊಪ್ಪನೆ ಕೂರಿಸಿತು. ಮೂಗಿನ ತುಂಬ ಉಪ್ಪುನೀರು. ಸಾವರಿಸಿಕೊಂಡು ಏಳುವಷ್ಟರಲ್ಲಿ, ಯಂತ್ರ ಬೀಪ್ ಎಂದ ಜಾಗ ಎಲ್ಲಿತ್ತೋ ದೇವರೇ ಬಲ್ಲ.

“ನಿಂತ್ಕೋ ಅಂದ್ರೆ ಕೂತ್ಕೊಂಡ್ಯಲ್ಲೇ!”

“ಸಮುದ್ರಕ್ಕೆ ಬೈಯಿ ಮಾಮ. ನನಗ್ಯಾಕೆ ಬೈತೀಯ?”

ಅವಳ ದನಿ ತೆಳ್ಳಗೆ, ಚೂಪಾಗಿತ್ತು. ಅದಕ್ಕೇ ಮನೆಯವರೆಲ್ಲ ಅವಳನ್ನು ಪಿಟೀಲು ಅನ್ನುತ್ತಿದ್ದರು.

ಮಾಮ ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು. ಯಾರೋ ಎಸೆಯಲಿದ್ದ ಮೆಟಲ್ ಡಿಟೆಕ್ಟರನ್ನು ಮನೆಗೆ ತಂದು ಸರಿಮಾಡಿದ್ದ. ಉದ್ದನೆಯ ಕೋಲು, ಅದರ ತುದಿಯಲ್ಲಿ ತಟ್ಟೆಯಂಥ ಚಕ್ರ, ಕಿವಿಗೆ ಹೆಡ್‌ಫೋನ್. ಮರಳಿನಡಿ ಲೋಹ ಇದ್ದರೆ ಬೀಪ್. ಇದಕ್ಕೂ ಮೊದಲು ಮಾಮನಿಗೆ ಕೊಳಲಿನ ಹುಚ್ಚು ಹಿಡಿದಿತ್ತು. “ಇದೇ ವಾಸಿ ಕಣೋ. ಈ ಸದ್ದನ್ನ ನೀನೊಬ್ಬನೇ ಕೇಳಿಸ್ಕೋತೀಯ,” ಎಂದಿದ್ದಳು ಅಮ್ಮ.

ಪಿಟೀಲಿನ ಕಷ್ಟವೇ ಬೇರೆ. “ನಮ್ಮ ಮಾಮ ಸಮುದ್ರದಿಂದ ನಿಧಿ ತೆಗೀತಾನೆ” ಎಂದು ಕ್ಲಾಸಿನಲ್ಲಿ ಕೊಚ್ಚಿಕೊಂಡಿದ್ದಳು. “ತಂದು ತೋರ್ಸು,” ಎಂದ ಮುಂದಿನ ಬೆಂಚಿನ ಗುಂಡ. ತೋರಿಸಲು ಅವಳ ಬಳಿ ಇದ್ದದ್ದು ಸೊಟ್ಟ ಚಮಚ ಮತ್ತು ಸೋಡಾ ಬಾಟಲಿಯ ಮುಚ್ಚಳಗಳು. ಅಂದಿನಿಂದ ಗುಂಡ ಅವಳನ್ನು ಕಂಡಾಗಲೆಲ್ಲ ಡೆಸ್ಕ್ ಬಡಿದು, “ಗುಜರಿ ರಾಣಿ ಬಂದ್ಳು, ದಾರಿ ಬಿಡಿ!” ಎನ್ನುತ್ತಿದ್ದ.

ಇವತ್ತು ಭಾನುವಾರ. ನಾಳೆ ಶಾಲೆಗೆ ಏನಾದರೂ ಹಿಡಿದುಕೊಂಡು ಹೋಗಲೇಬೇಕಿತ್ತು.

“ಒಣ ಮರಳಲ್ಲಿ ಬರೀ ಮುಚ್ಚಳ ಸಿಗೋದು,” ಮಾಮ ಹೊಸ ಪಾಠ ಶುರುಮಾಡಿದ. “ಅಲೆ ಒಡೆಯೋ ಜಾಗಾನೇ ಜಾಗ. ತಣ್ಣೀರಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತೆ. ನೀರು ಇಳಿದಾಗ ಬಂದು ಹುಡುಕಬೇಕು. ಚಕ್ರಾನ ನೆಲಕ್ಕೆ ಹತ್ರ ಇಟ್ಟು ನಿಧಾನಕ್ಕೆ ಆಡಿಸು. ನೊಣ ಓಡಿಸಿದ ಹಾಗೆ ಬೀಸಬೇಡ.”

ಉಪ್ಪುನೀರಿಗೆ ಯಂತ್ರ ಸುಮ್ಮಸುಮ್ಮನೆ ವಟಗುಟ್ಟುತ್ತಿತ್ತು. ಮಾಮ ಗುಂಡಿ ತಿರುಗಿಸಿ ಅದರ ಚುರುಕು ಕಡಿಮೆ ಮಾಡಿದ. ಪಿಟೀಲು ದಡದ ಉದ್ದಕ್ಕೂ ಮೆಲ್ಲಗೆ ನಡೆದಳು.

ಬೀಪ್!

ಈ ಸಲ ಕಾಲನ್ನು ಅಲ್ಲೇ ಊರಿದಳು. ಅಲೆ ಬಂತು. ಅವಳು ಮಾಮನ ಚಡ್ಡಿ ಹಿಡಿದುಕೊಂಡಳು. “ಅಯ್ಯೋ, ಚಡ್ಡಿ ಬಿಡೇ!” ಮಾಮ ಒಂದು ಕೈಯಲ್ಲಿ ಚಡ್ಡಿ ಹಿಡಿದು, ಇನ್ನೊಂದು ಕೈಯಿಂದ ತೂತುಗಳಿದ್ದ ಸಲಿಕೆಯನ್ನು ಅವಳ ಕಾಲ ಪಕ್ಕ ಇಳಿಸಿದ. ಗುಂಡಿ ಕ್ಷಣದಲ್ಲಿ ಮುಚ್ಚಿಕೊಂಡಿತು. ಮತ್ತೆ ತೋಡಿದ, ಮತ್ತೆ ಮುಚ್ಚಿಕೊಂಡಿತು. ಕೊನೆಗೊಮ್ಮೆ ಸಲಿಕೆ ಎತ್ತಿದಾಗ ಮರಳೆಲ್ಲ ಸೋರಿಹೋಗಿ, ತಳದಲ್ಲಿ ಹಳದಿಯದೇನೋ ಹೊಳೆಯಿತು.

ಉಂಗುರ!

ಇಬ್ಬರೂ ಕುಣಿದ ಕುಣಿತಕ್ಕೆ ದಡದ ನಾಯಿ ಹೆದರಿ ಓಡಿತು. “ಐಸ್‌ಕ್ಯಾಂಡಿ ನನ್ನ ಲೆಕ್ಕ!” ಎಂದ ಮಾಮ.

ಐಸ್‌ಕ್ಯಾಂಡಿ ಆಂಟಿಯ ಗಾಡಿ ದಿನವೂ ಶಾಲೆಯ ಗೇಟಿನ ಮುಂದೆ, ಭಾನುವಾರ ಮಾತ್ರ ಇಲ್ಲಿ. ಪಿಟೀಲು ಅವಳ ಮುಂದೆ ಅಂಗೈ ಚಾಚಿದಳು. “ಆಂಟಿ, ನೋಡಿ! ನಿಧಿ!”

ಪೆಟ್ಟಿಗೆಯೊಳಗೆ ಇಳಿದಿದ್ದ ಆಂಟಿಯ ಕೈ ಅಲ್ಲೇ ನಿಂತಿತು.

“ಒಂದು ಕಡೆ ಚಪ್ಪಟೆ ಆಗಿದೆಯಲ್ಲ, ಅದು ಈ ಪೆಟ್ಟಿಗೆ ಮುಚ್ಚಳ ಬಿದ್ದು ಆಗಿದ್ದು,” ಎಂದಳು.

ಪಿಟೀಲು ಉಂಗುರವನ್ನು ತಿರುಗಿಸಿ ನೋಡಿದಳು. “ನಿಮ್ದಾ? ಕಳ್ಕೊಂಡಿದ್ರಾ?”

“ಕಳ್ಕೊಂಡಿರ್ಲಿಲ್ಲ ಮರಿ. ಎಸೆದಿದ್ದೆ.”

“ಚಿನ್ನಾನ?” ಮಾಮನ ದನಿಯೂ ಪಿಟೀಲಿನಂತಾಯಿತು.

“ಹೂಂ. ಕೊಟ್ಟೋನು ಹೇಳಿದ್ದೆಲ್ಲ ಸುಳ್ಳು. ಚಿನ್ನ ಅಂದಿದ್ದು ಮಾತ್ರ ನಿಜ.” ಆಂಟಿ ನಕ್ಕಳು. ಆದರೆ ಕಣ್ಣು ನಗಲಿಲ್ಲ. “ನಿನಗೆ ಸಿಕ್ಕಿದೆ, ನೀನೇ ಇಟ್ಕೋ.”

ಪಿಟೀಲು ಮುಷ್ಟಿ ಮುಚ್ಚಿದಳು. ನಾಳೆ ಗುಂಡನ ಬಾಯಿ ಎಷ್ಟು ದೊಡ್ಡದಾಗಿ ತೆರೆಯಬಹುದು ಎಂದು ಊಹಿಸಿಕೊಂಡಳು. ಒಂದು ನೊಣ ಅಲ್ಲ, ನೊಣಗಳ ಇಡೀ ಸಂಸಾರವೇ ಒಳಗೆ ಹೋಗಬಹುದು.

ಆಂಟಿ ಕ್ಯಾಂಡಿ ತೆಗೆದುಕೊಟ್ಟಳು. ಬಣ್ಣ ತಪ್ಪಿತ್ತು. ಎಂದೂ ತಪ್ಪುತ್ತಿರಲಿಲ್ಲ, ಪಿಟೀಲಿಗೆ ಕಿತ್ತಳೆ ಎಂದು ಅವಳಿಗೆ ಗೊತ್ತು. ಆಂಟಿ ತನಗೇ ತಿಳಿಯದಂತೆ ಖಾಲಿ ಬೆರಳನ್ನು ತಿಕ್ಕಿಕೊಳ್ಳುತ್ತಿದ್ದಳು.

ಪಿಟೀಲು ಹಸಿರು ಕ್ಯಾಂಡಿಯನ್ನು ಒಮ್ಮೆ ನೆಕ್ಕಿದಳು. ಆಮೇಲೆ ಮುಷ್ಟಿ ಬಿಚ್ಚಿದಳು.

“ಆಂಟಿ, ನಿಮಗೆ ಎಸೆಯೋಕೆ ಬರಲ್ಲ. ತೀರಾ ದಡದಲ್ಲೇ ಬಿದ್ದಿತ್ತು. ಇನ್ನೊಂದು ಚಾನ್ಸ್ ತಗೊಳ್ಳಿ.”

ಆಂಟಿ ಅವಳನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೆರಗು ಬಿಗಿದು, ನೀರಿನೊಳಕ್ಕೆ ಚಾಚಿದ್ದ ಬಂಡೆಗಳ ತುದಿವರೆಗೂ ಹೋದಳು. ಕೈ ಬೀಸಿ ಎಸೆದ ಉಂಗುರ ಬಿಸಿಲಲ್ಲಿ ಒಮ್ಮೆ ಮಿಂಚಿ ಮಾಯವಾಯಿತು. ಮಾಮ ಹಲ್ಲುನೋವು ಬಂದವನ ಹಾಗೆ ನರಳಿದ.

ಗಾಡಿ ಗಂಟೆ ಬಾರಿಸುತ್ತ ಆಚೆ ಹೋದದ್ದೇ ತಡ, ಮಾಮ ಪಿಸುಗುಟ್ಟಿದ. “ಬಿದ್ದ ಜಾಗ ನೋಡ್ಕೊಂಡಿದೀನಿ. ನೀರು ಇನ್ನೂ ಇಳೀಲಿ, ಆಮೇಲೆ…”

ಪಿಟೀಲು ಹೆಡ್‌ಫೋನ್ ಏರಿಸಿಕೊಂಡು ಬಂಡೆಗಳಿಗೆ ಬೆನ್ನು ಹಾಕಿದಳು.

“ಆ ಕಡೆ ಬೇಡ ಮಾಮ.”

“ಯಾಕೇ?”

“ಅಲ್ಲಿ ಯಾರೂ ಏನೂ ಕಳ್ಕೊಂಡಿಲ್ಲ.”

ಚಕ್ರವನ್ನು ನೆಲಕ್ಕೆ ಹತ್ತಿರ ಇಳಿಸಿ, ನಿಧಾನವಾಗಿ ಆಡಿಸುತ್ತ ಅವಳು ದಡದ ಇನ್ನೊಂದು ತುದಿಯತ್ತ ನಡೆದಳು.