ನಾಲ್ಕನೇ ಕೋಣೆಯವನು

ದೊಡ್ಡಮ್ಮನ ಮನೆಗೆ ಬಂದ ದಿನವೇ ಎವರ್ಟನ್‌ನ ಕೈಗೆ ಒಂದು ಬೀಗದ ಕೈ ಬಂತು. ಅದಕ್ಕೆ ಸೋರೆಬುರುಡೆಯ ಚೂರೊಂದು ಕಟ್ಟಿತ್ತು. ಚೂರಿನ ಮೇಲೆ ನಾಲ್ಕು ಎಂದು ಕೊರೆದಿತ್ತು.

"ಫ್ಯಾನು ಸ್ವಲ್ಪ ಸದ್ದು ಮಾಡುತ್ತೆ, ಗಾಳಿ ಮಾತ್ರ ಚೆನ್ನಾಗಿ ಬೀಸುತ್ತೆ. ನೀರು ನೋಡ್ಕೊಂಡು ಖರ್ಚು ಮಾಡು. ತಿಂಡಿ ವರಾಂಡದಲ್ಲಿ," ಎಂದಳು ದೊಡ್ಡಮ್ಮ ಯೂಲಲೀ ಟ್ರಿಮ್. ಹಕ್ಕಿ ನೋಡಲು ಬಂದು ಬಾಡಿಗೆಗೆ ಇಳಿದಿದ್ದ ಜರ್ಮನ್ ದಂಪತಿಗೆ ಅರ್ಧ ಗಂಟೆಯ ಹಿಂದೆ ಅವಳು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು.

ಅವನು ಅವಳ ತಂಗಿ ಸಿಬಿಲ್‌ಳ ಒಬ್ಬನೇ ಮಗ. ಸಿಬಿಲ್ ಹುಟ್ಟಿದ್ದು ವೆಸ್ಟ್ ಇಂಡೀಸಿನ ಟೊಬೇಗೊ ದ್ವೀಪದ ಈ ಮನೆಯಲ್ಲೇ. ಮದುವೆಯಾಗಿ ಲಂಡನ್ನಿಗೆ ಹೋದವಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಯಾರು ಯಾರದೋ ಹಾಸಿಗೆ ಬದಲಿಸುತ್ತ ಮುದುಕಿಯಾದಳು, ಅಲ್ಲೇ ಮಣ್ಣಾದಳು. ಊರಿನ ಮಾತು ಬಂದರೆ ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ: ಸಮುದ್ರದ ಕಡೆಗೆ ತೆರೆದ ಅಡುಗೆಮನೆ, ಅಲ್ಲಿಯ ಉದ್ದನೆಯ ಬೆಂಚು, ಬೆಂಚಿನ ಮೇಲೆ ಒತ್ತಿಕೊಂಡು ಕೂತು ಕೋಕೋ ಕುಡಿಯುವ ಮಕ್ಕಳು. ತಾಯಿ ಹೋದ ಮೇಲೆ, ಹೆಂಡತಿ ಬಿಟ್ಟುಹೋದ ಮೇಲೆ, ಎವರ್ಟನ್‌ನ ಪಾಲಿಗೆ ಭೂಮಿಯ ಮೇಲೆ ಉಳಿದದ್ದು ಆ ಬೆಂಚೊಂದೇ. ಅದರ ಮೇಲೆ ಕೂರಬೇಕೆಂದೇ ಅವನು ಸಮುದ್ರ ದಾಟಿ ಬಂದದ್ದು.

ಆದರೆ ಅಡುಗೆಮನೆಯ ಹೊಸ್ತಿಲು ಅವನಿಗೆ ದಕ್ಕಲಿಲ್ಲ. ಅತಿಥಿಗಳು ಅಡುಗೆಮನೆಗೆ ಬರಕೂಡದು ಎಂಬುದು ಯೂಲಲೀಯ ಕಟ್ಟುನಿಟ್ಟು. ಮೊದಲ ಸಲ ಅವನು "ದೊಡ್ಡಮ್ಮ" ಎಂದು ಕರೆದಾಗ ಅವಳು ಸುತ್ತ ಒಮ್ಮೆ ನೋಡಿ, "ನಾಲ್ಕು ಜನರ ಎದುರಿಗೆ ಮಿಸ್ ಯೂಲಿ ಅನ್ನಪ್ಪ. ಇದು ವ್ಯಾಪಾರದ ಮನೆ," ಎಂದಿದ್ದಳು. ಅವನು ಸೋರುವ ತಗಡು ಬದಲಿಸಿದ, ಸೊಳ್ಳೆಪರದೆಗಳ ಹರಕು ಹೊಲಿದ, ವರಾಂಡಕ್ಕೆ ಬಣ್ಣ ಬಳಿದ. ಅವಳು ಪ್ರತಿಸಲವೂ ಹೊರಗಿನವರಿಗೆ ಹೇಳುವಂತೆ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿದಳು. ಅತಿಥಿಗಳು ಬಂದರು, ಬಿಸಿಲಿಗೆ ಕೆಂಪಾದರು, ಹೋದರು. ಅವನು ಹೋಗಲಿಲ್ಲ. ವರಾಂಡದ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತು ಬೇಕ್ ಎಂಬ ಕರಿದ ರೊಟ್ಟಿ, ಉಪ್ಪುಮೀನು ತಿನ್ನುತ್ತ, ಒಳಗಿನಿಂದ ಬರುವ ಪಾತ್ರೆಯ ಸದ್ದನ್ನೂ ನೆರೆಯ ಒಡೆಟ್ ಕ್ವಾಶಿಯ ನಗುವನ್ನೂ ಕೇಳಿಸಿಕೊಳ್ಳುತ್ತಿದ್ದ. ಒಡೆಟ್ ಹಾಸಿಗೆಬಟ್ಟೆ ಒಗೆಯುವವಳು. ಅವಳು ಆ ಬೆಂಚಿನ ಮೇಲೆ ದಿನವೂ ಕೂರುತ್ತಿದ್ದಳು.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದ ನಡುವೆ ಒಂದು ದಿನ ಯೂಲಲೀ ತಿಂಡಿ ಬಡಿಸುತ್ತ, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದಳು: ಮನೆಯನ್ನು ಇಗರ್ಜಿಯ ಕನ್ಯಾಸ್ತ್ರೀಯರಿಗೆ ಬರೆದುಕೊಡುತ್ತಾಳಂತೆ. ಅವರು ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಳ್ಳುತ್ತಾರಂತೆ. ಈಸ್ಟರ್ ಕಳೆದ ಮೇಲೆ ವಕೀಲರು ಬರುತ್ತಾರಂತೆ.

ಅಂದು ಎವರ್ಟನ್ ಫ್ಯಾನಿನ ಕೆಳಗೆ ಮಲಗಿ ಬಹಳ ಹೊತ್ತು ಯೋಚಿಸಿದ. ಕೋಪ ಬರಲಿಲ್ಲ. ಅದಕ್ಕಿಂತ ತಣ್ಣಗಿನದೊಂದು ಬಂತು. ಕಾಗದ ಆಗುವ ಮೊದಲೇ ಅವಳು ತೀರಿಕೊಂಡರೆ ಮನೆ ರಕ್ತಸಂಬಂಧಕ್ಕೆ ಬರುತ್ತದೆ. ಸಂಬಂಧದಲ್ಲಿ ಉಳಿದಿರುವವನು ಅವನೊಬ್ಬನೇ.

ಯೋಜನೆ ತಾನಾಗಿ ಕೂಡಿಬಂತು. ಯೂಲಲೀಗೆ ಎಪ್ಪತ್ತೆಂಟು. ಮಂಡಿನೋವಿಗೆ ಉಪ್ಪುನೀರೇ ಮದ್ದು ಎಂದು ನಂಬಿದವಳು. ಬೆಳಿಗ್ಗೆ ಎದ್ದು, ಬಿಳಿ ಹತ್ತಿಯ ನಿಲುವಂಗಿ ತೊಟ್ಟು, ಹುಲ್ಲಿನ ಟೋಪಿ ಇಟ್ಟುಕೊಂಡು, ಮನೆಯ ಹಿಂದಿನ ಕಾಲುದಾರಿಯಲ್ಲಿ ಸಣ್ಣ ಕೊಲ್ಲಿಗೆ ಒಬ್ಬಳೇ ಇಳಿಯುತ್ತಿದ್ದಳು. ಚಪ್ಪಲಿ, ಟವೆಲು, ಟೋಪಿ ಬಂಡೆಯ ಮೇಲೆ ಇಟ್ಟು, ಎದೆಮಟ್ಟದ ನೀರಿನಲ್ಲಿ ನಿಂತು ಸ್ತೋತ್ರ ಹಾಡುತ್ತಿದ್ದಳು. ಇಡೀ ಊರಿಗೆ ಗೊತ್ತಿದ್ದ ವಿಷಯ. ಅವಳ ಹೃದಯ ದುರ್ಬಲವೆಂಬುದೂ ಗೊತ್ತಿದ್ದದ್ದೇ. ಸ್ನಾನಕ್ಕಿಳಿದ ಮುದುಕಿ ಅಲೆಯ ಹೊಡೆತಕ್ಕೆ ಎದೆ ನಿಂತು ಬಿದ್ದಳೆಂದರೆ ಯಾವ ಡಾಕ್ಟರು ಹೆಣ ಕೊಯ್ಯಲು ಹೋಗುತ್ತಾನೆ? ಬೇಕಾದದ್ದು ಜನರ ಕಣ್ಣಿಲ್ಲದ ಒಂದು ಬೆಳಗು ಮಾತ್ರ. ಕೊಲ್ಲಿಯ ಬಾಯಲ್ಲಿ ಸದಾ ಒಂದೆರಡು ಮೀನಿನ ದೋಣಿಗಳು ಇರುತ್ತಿದ್ದವು.

ಏಸು ಶಿಲುಬೆಗೇರಿದ ಶುಭ ಶುಕ್ರವಾರದಂದು ಊರೆಲ್ಲ ಶಿಲುಬೆಯ ಹಾದಿ ನಡೆಯಲು ಗುಡ್ಡ ಹತ್ತುತ್ತದೆ ಎಂದು ಅವನಿಗೆ ತಿಳಿಯಿತು. ದೋಣಿಗಳೂ ಹೊರಡುವುದಿಲ್ಲವಂತೆ. ಮಂಡಿಯ ಕಾರಣಕ್ಕೆ ಯೂಲಲೀ ಗುಡ್ಡ ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮನೆಯ ಕೊನೆಯ ಅತಿಥಿಗಳು ಗುರುವಾರವೇ ಖಾಲಿ ಮಾಡುವವರು. ಈಸ್ಟರಿನ ಆಡಿನ ಓಟದ ಪಂದ್ಯ ನೋಡುವವರು ಬರುವುದು ಶನಿವಾರ. ಇಷ್ಟು ಒಪ್ಪವಾದ ದಿನ ತನಗಾಗಿಯೇ ಹೊಲಿದು ಕೊಟ್ಟಂತಿದೆ ಎಂದುಕೊಂಡ. ಯಾರು ಹೊಲಿದುಕೊಟ್ಟರು ಎಂದು ಕೇಳಿಕೊಳ್ಳಲಿಲ್ಲ.

ಗುರುವಾರ ಸಂಜೆ ಒಡೆಟ್ ಬೇಲಿಯಾಚೆಯಿಂದ ಕೂಗಿದಳು. "ಏಯ್ ಲಂಡನ್ನೂ! ನಿನ್ನ ಆ ದಪ್ಪ ಕೋಟು ಇನ್ನೂ ಇದೆಯೇನಪ್ಪ?"

"ಇದೆ. ಯಾಕೆ?"

"ನಾಳೆ ಕೂಡುರಸ್ತೇಲಿ ಏಸೂನ ಹಿಡಿದುಕೊಟ್ಟ ಯೂದನ ಬೊಂಬೆ ಕೂರಿಸಿ ಹೊಡೀತಾರಲ್ಲ, ಅವನಿಗೆ ಮೈಮೇಲೆ ಬಟ್ಟೆ ಇಲ್ಲ. ಹೋದ ವರ್ಷ ನನ್ನ ಗಂಡನ ಅಂಗಿ ಹಾಕಿ ಹೊಡೆದ್ರು. ಆ ಹೊಡೆತ ನೋಡಿ ನಂಗೇ ಸಮಾಧಾನ ಆಯ್ತು!"

"ಈ ಸೆಕೇಲಿ ಕೋಟು ಹಾಕಿದ್ರೆ ಪಾಪ, ಹೊಡೆಯೋಕೆ ಮುಂಚೆನೇ ಸಾಯ್ತಾನೆ," ಎಂದ ಎವರ್ಟನ್.

ಒಡೆಟ್ ಬೇಲಿ ಹಿಡಿದುಕೊಂಡು ನಕ್ಕಳು. "ಅರೆ, ನಿಂಗೂ ತಮಾಷೆ ಬರುತ್ತೆ! ಯೂಲೀ, ಕೇಳಿದ್ಯೇನೇ? ನಿಮ್ಮ ಲಂಡನ್ನು ಬಾಯಿ ಬಿಟ್ಟ!"

ಅವನು ಕೋಟು ತಂದುಕೊಟ್ಟ. ಈ ಊರಿನಲ್ಲಿ ಯಾರಾದರೂ ತನ್ನಿಂದ ಏನನ್ನಾದರೂ ಕೇಳಿ ಪಡೆದದ್ದು ಅದೇ ಮೊದಲು. ಎದೆಯಲ್ಲಿ ಏನೋ ಸ್ವಲ್ಪ ಸಡಿಲವಾದಂತಾಯಿತು. ಅದನ್ನು ಅವನು ಗಟ್ಟಿಯಾಗಿ ಮುಚ್ಚಿದ.

ಶುಕ್ರವಾರ ಬೆಳಿಗ್ಗೆ, ಆ ದಿನದ ಶೋಕಕ್ಕೆ, ಇಗರ್ಜಿಯ ಗಂಟೆ ಬಾರಿಸಲಿಲ್ಲ. ಮರದ ಗಿಲಕಿಯ ಒಣ ಸದ್ದು ಮಾತ್ರ ಕೇಳಿ, ಜನ ಹಾಡುತ್ತ ಗುಡ್ಡದ ಕಡೆ ಹೋದರು. ಎವರ್ಟನ್ ಅಷ್ಟರಲ್ಲಾಗಲೇ ಕೊಲ್ಲಿಯ ಅಂಚಿನ ಪೊದೆಗಳ ಹಿಂದೆ ಕೂತಿದ್ದ. ಸಮುದ್ರ ಎಣ್ಣೆಯಂತೆ ನಿಂತಿತ್ತು. ಒಂದು ದೋಣಿಯಿಲ್ಲ, ಬಲೆಯಿಲ್ಲ, ಮರಳಿನ ಮೇಲೆ ಒಂದು ಹೆಜ್ಜೆಯ ಗುರುತಿಲ್ಲ. ಅವಳು ನೀರಿಗಿಳಿದು ಬೆನ್ನು ತಿರುಗಿಸಿದಾಗ ಹಿಂದಿನಿಂದ ಹೋಗಿ ಭುಜ ಅದುಮುವುದು ಎಂದು ಎಣಿಸಿಕೊಂಡಿದ್ದ.

ಬಿಸಿಲು ಬಂಡೆಗೇರಿತು. ಅವಳು ಬರಲಿಲ್ಲ.

ಉಪವಾಸದ ಆಯಾಸವಿರಬೇಕು, ಮಂಡಿ ಹೆಚ್ಚು ನೋಯುತ್ತಿರಬೇಕು ಎಂದುಕೊಂಡು ಅವನು ಮೇಲೆ ಬಂದ. ಅಡುಗೆಮನೆಯ ಬಾಗಿಲಲ್ಲಿ ಯೂಲಲೀ ನಿಂತಿದ್ದಳು.

"ಎಲ್ಲಿಗೆ ಹೋಗಿದ್ದೆ? ಕೋಕೋ ಆರಿ ಹೋಗ್ತಿದೆ. ಇವತ್ತು ಯಾರೂ ಇಲ್ಲ, ವರಾಂಡದವರೆಗೂ ಹೊತ್ತು ತರೋಕೆ ನನ್ನ ಕೈಲಾಗಲ್ಲ. ಇಲ್ಲೇ ಬಾ."

ಅವನು ಹೊಸ್ತಿಲು ದಾಟಿದ. ಬೆಂಚು ತಾಯಿ ಹೇಳಿದ್ದಕ್ಕಿಂತ ಚಿಕ್ಕದಾಗಿತ್ತು, ಕೂತು ಕೂತು ನಡುವೆ ನಯವಾಗಿ ಸವೆದಿತ್ತು. ಕಿಟಕಿಯ ತುಂಬ ಸಮುದ್ರ. ಅವಳು ಶಿಲುಬೆ ಗುರುತಿನ ಬನ್ನು, ಜಾಯಿಕಾಯಿ ಹಾಕಿದ ಕೋಕೋ ಮುಂದಿಟ್ಟಳು. ತಾನು ಏನೂ ತೆಗೆದುಕೊಳ್ಳಲಿಲ್ಲ.

"ಸಿಬಿಲ್ ಆ ತುದೀಲಿ ಕೂರ್ತಿದ್ಲು," ಎಂದಳು. "ಕಾಲು ನೆಲಕ್ಕೆ ಎಟುಕ್ತಿರಲಿಲ್ಲ. ಗೋಡೆಗೆ ಒದೀತಾ ಕೂರೋಳು, ಅಪ್ಪನ ಕೈಲಿ ಬೈಸ್ಕೊಳ್ಳೋಳು."

ಎವರ್ಟನ್ ಆ ತುದಿಗೆ ಸರಿದ. ಗೋಡೆಯ ಸುಣ್ಣದಲ್ಲಿ ಒಂದು ಹಳೆಯ ತಗ್ಗಿತ್ತು. ಅವನು ಅದರ ಮೇಲೆ ಬೆರಳಾಡಿಸಿದ. ಬೇಡ, ಇಷ್ಟು ಸಾಕು, ಎಂದು ಒಳಗೆ ಯಾರೋ ಹೇಳಿದರು. ಆ ಕ್ಷಣ ಅವನು ನಿಜವಾಗಿಯೂ ಬಿಟ್ಟುಬಿಟ್ಟಿದ್ದ. ಮುದುಕಿ ಇನ್ನೊಂದು ಮಾತನಾಡದೆ ಇದ್ದಿದ್ದರೆ ಅವನು ಕೋಕೋ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದನೇನೋ, ದೇವರಿಗೇ ಗೊತ್ತು.

"ಹಾಂ, ಮರ್ತಿದ್ದೆ," ಎಂದಳು ಯೂಲಲೀ. "ವಕೀಲರು ಬಂದಾಗ ಎಲ್ಲಿಗೂ ಹೋಗ್ಬೇಡ. ಸಾಕ್ಷಿಗೆ ಒಬ್ರು ಬೇಕಂತೆ. ಮನೆಯೋರು ಆಗ್ಬಾರದಂತೆ, ಪಾಲು ಇಲ್ಲದೋರು ಆಗ್ಬೇಕಂತೆ. ನೀನಿದೀಯಲ್ಲ, ಒಂದು ಸಹಿ ಹಾಕ್ಬಿಡು."

"ಆಗಲಿ, ಮಿಸ್ ಯೂಲಿ," ಎಂದ ಅವನು.

ಅವಳು ಜಪಮಾಲೆ ಹಿಡಿದು ತೂಗುಕುರ್ಚಿಯಲ್ಲಿ ಕೂತಳು. ಉಪವಾಸದ ದೇಹ, ಐದಾರು ಮಣಿ ಸರಿಯುವಷ್ಟರಲ್ಲಿ ಕಣ್ಣು ಮುಚ್ಚಿತು. ಅವನು ನಾಲ್ಕನೇ ಕೋಣೆಯಿಂದ ತನ್ನ ದಿಂಬು ತಂದ. ಅವಳು ಹೆಚ್ಚು ಹೆಣಗಲಿಲ್ಲ. ಒಮ್ಮೆ ಮಾತ್ರ ಅವಳ ಕೈ ಅವನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತು, ರಸ್ತೆ ದಾಟುವಾಗ ಹಿಡಿದುಕೊಳ್ಳುವ ಹಾಗೆ. ಆಮೇಲೆ ಬಿಟ್ಟಿತು.

ಮುಂದಿನ ಕೆಲಸವನ್ನು ಅವನು ಅವಸರವಿಲ್ಲದೆ ಮಾಡಿದ. ಯೋಜನೆ ಬದಲಾದದ್ದು ಒಳ್ಳೆಯದೇ ಆಯಿತೆನ್ನಿಸಿತು: ನೀರಿನಲ್ಲಾದರೆ ಕೂಗಿಕೊಳ್ಳುತ್ತಿದ್ದಳು, ಮೈಮೇಲೆ ಗುರುತುಗಳು ಬೀಳುತ್ತಿದ್ದವು. ಜಪಮಾಲೆಯನ್ನು ಮೊಳೆಗೆ ತೂಗುಹಾಕಿದ. ಹಗ್ಗದ ಮೇಲಿದ್ದ ಬಿಳಿ ನಿಲುವಂಗಿ ತಂದು ತೊಡಿಸಿದ. ಅವಳು ಹಕ್ಕಿಯಷ್ಟು ಹಗುರವಾಗಿದ್ದಳು. ಕಾಲುದಾರಿಯಲ್ಲಿ ಹೊತ್ತು ಇಳಿದು, ಬಂಡೆಗಳ ನಡುವಿನ ಆಳವಿಲ್ಲದ ನೀರಿನಲ್ಲಿ ಮುಖ ಕೆಳಗಾಗಿ ಮಲಗಿಸಿದ. ಚಪ್ಪಲಿಗಳನ್ನು ಅವಳು ಇಡುವಂತೆಯೇ ಸಮುದ್ರದ ಕಡೆಗೆ ಮುಖಮಾಡಿ ಇಟ್ಟ. ಪಕ್ಕದಲ್ಲಿ ಟವೆಲು, ಅದರ ಮೇಲೆ ಟೋಪಿ, ಟೋಪಿ ಹಾರದಂತೆ ಒಂದು ಕಲ್ಲು. ಹೆಜ್ಜೆಗುರುತುಗಳನ್ನು ತೆಂಗಿನ ಗರಿಯಿಂದ ಸವರಿದ. ಮೇಲೆ ಬಂದು ಬಟ್ಟೆ ಬದಲಿಸಿ, ಲೋಟ ತೊಳೆದು, ತಿಂದ ತಟ್ಟೆ ಒರೆಸಿಟ್ಟ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತ. ಮನೆ ತುಂಬ ದೊಡ್ಡದಾಗಿತ್ತು, ಎಲ್ಲಿಯೂ ಒಂದು ಪಾತ್ರೆ ಸದ್ದು ಮಾಡಲಿಲ್ಲ. ಇದೇ ತನ್ನ ಮನೆ ಎಂದು ಗಟ್ಟಿಯಾಗಿ ಹೇಳಿಕೊಂಡ. ಮರುಮಾತಾಡುವವರು ಯಾರೂ ಇರಲಿಲ್ಲ.

ಗುಡ್ಡದಿಂದ ಜನ ಇಳಿಯುವ ಹಾಡು ಕೇಳಿದಾಗ ಅವನು ರಸ್ತೆಗೆ ಓಡಿದ. "ಯಾರಾದ್ರೂ ಬನ್ನಿ! ಮಿಸ್ ಯೂಲಿ ಸ್ನಾನಕ್ಕೆ ಹೋದೋರು ಇನ್ನೂ ಬಂದಿಲ್ಲ!" ಹಾಡು ನಿಂತಿತು. ಊರಿಗೆ ಊರೇ, ಕಪ್ಪು ಬಿಳಿ ಬಟ್ಟೆಯಲ್ಲಿ, ಅವನ ಹಿಂದೆ ಕಾಲುದಾರಿ ಇಳಿಯಿತು. ಬಂಡೆಯ ಮೇಲಿನ ಟೋಪಿ ನೋಡಿ ಹೆಂಗಸರು ಎದೆಗೆ ಕೈಯಿಟ್ಟುಕೊಂಡರು. ಎವರ್ಟನ್ "ದೊಡ್ಡಮ್ಮಾ!" ಎಂದು ಕೂಗುತ್ತ ನೀರಿಗೆ ನುಗ್ಗಿ, ಮಂಡಿಯೂರಿ ಸೊಂಟಮಟ್ಟ ತೊಯ್ದು, ಅವಳನ್ನು ಎತ್ತಿಕೊಂಡು ದಡಕ್ಕೆ ತಂದ. ಅಳು ನಿಜವಾಗಿಯೇ ಬಂತು. ಅದು ಅವನಿಗೇ ಆಶ್ಚರ್ಯ.

ಜನರೊಂದಿಗೆ ಇಳಿದು ಬಂದಿದ್ದ ಪೊಲೀಸ್ ಹವಾಲ್ದಾರ ಡಿಲನ್ ತೊಡೆಯ ಮೇಲೆ ಟೋಪಿಯಿಟ್ಟುಕೊಂಡು ಶವದ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನೀನು ಕೊನೇ ಸಲ ನೋಡಿದ್ದು ಯಾವಾಗಪ್ಪ?"

"ಬೆಳಿಗ್ಗೆ. ನೀವೆಲ್ಲ ಗುಡ್ಡಕ್ಕೆ ಹೋದ ಮೇಲೆ. ಸ್ನಾನಕ್ಕೆ ಹೋಗ್ಬರ್ತೀನಿ ಅಂತ ನನಗೆ ಹೇಳಿನೇ ಇಳಿದ್ರು."

"ಅವರ ಬಾಯಿಂದಾನೇ ಅಂದ್ರಾ?"

"ನನ್ನ ಕಿವಿಯಾರೆ ಕೇಳಿದೀನಿ ಸರ್. ಎಂದಿನ ಹಾಗೇ ಹೋದ್ರು."

"ಇವತ್ತು?" ಎಂದ ಡಿಲನ್.

ಎವರ್ಟನ್ ಹೌದೆಂದು ತಲೆಯಾಡಿಸಿದ. ಆಗ ಅವನಿಗೆ ಕಂಡಿತು: ಅಷ್ಟೂ ಜನರಲ್ಲಿ ಒಬ್ಬರೂ ಅವನ ನೆರವಿಗೆ ನೀರಿಗಿಳಿದಿರಲಿಲ್ಲ. ಯೂಲಲೀಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವರು, ದಿನವೂ ಸಮುದ್ರದಲ್ಲೇ ಬದುಕುವ ಬೆಸ್ತರು, ಎಲ್ಲರೂ ಒಣ ಮರಳಿನ ಮೇಲೆ ಸಾಲಾಗಿ ನಿಂತಿದ್ದರು. ಒಂದು ಅಲೆ ನೊರೆ ಚಾಚಿ ಬಂದಾಗ ಇಡೀ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಆ ದಡದಲ್ಲಿ ಬಟ್ಟೆ ತೊಯ್ದವರು ಇಬ್ಬರೇ, ಸತ್ತವಳು ಮತ್ತು ಅವನು. ಒಡೆಟ್ ಕಣ್ಣೊರೆಸಿಕೊಂಡು ಅವನನ್ನೇ ನೋಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ತಾಳ್ಮೆಯಿತ್ತು. "ಶುಭ ಶುಕ್ರವಾರ ಸಮುದ್ರಕ್ಕಿಳಿದೋರು ಮೀನಾಗಿ ಹೋಗ್ತಾರಪ್ಪ. ನಾನು ಇಷ್ಟುದ್ದ ಇದ್ದಾಗ ನನ್ನ ಕಿವಿ ಹಿಂಡಿ ಅದನ್ನ ಹೇಳಿಕೊಟ್ಟೋಳೇ ಯೂಲಿ. ಈ ದಿನ ಅವಳು ಹುಟ್ಟಿದಾರಭ್ಯ ಕಾಲಿನ ಹೆಬ್ಬೆರಳನ್ನೂ ಈ ನೀರಿಗೆ ಇಟ್ಟೋಳಲ್ಲ. ಈ ಊರಲ್ಲಿ ಯಾರೂ ಇಟ್ಟಿಲ್ಲ. ಸಿಬಿಲ್ ನಿನಗೆ ಇಷ್ಟನ್ನೂ ಹೇಳಿಕೊಡ್ಲಿಲ್ವಾ, ಮಗಾ?"