ಪಾಠದ ನಡುವೆ ಬಂದ ಹೆಸರು

ಬಿಳಿಗೆರೆಯ ದಾನೇಶ್ವರಿ ಇಂಗ್ಲಿಷ್ ಕಲಿತದ್ದು ಪಾಡ್‌ಕಾಸ್ಟ್ ಕೇಳಿ. ಕೊಬ್ಬರಿ ಸುಲಿಯುವಾಗ, ತಿಪಟೂರಿನ ಬಸ್ಸಿನಲ್ಲಿ ಕೂತಾಗ, ಕಿವಿಯಲ್ಲಿ ಪಾಠ ನಡೆಯುತ್ತಲೇ ಇರುತ್ತಿತ್ತು. ಕಲಿಸುವ ಹೆಂಗಸಿನ ದನಿ ಅವಳಿಗೆ ಒಡಹುಟ್ಟಿದವಳಷ್ಟೇ ಆಪ್ತವಾಗಿತ್ತು.

ಒಂದು ಮಧ್ಯಾಹ್ನ, ಕೇಳದೆ ಉಳಿದಿದ್ದ ಪಾಠವೊಂದನ್ನು ಹಾಕಿಕೊಂಡಳು. "ಈಗ ನಿಮ್ಮ ಮಗನನ್ನು ಊಟಕ್ಕೆ ಕರೆಯಿರಿ" ಎಂದ ಆ ದನಿ, ತಾನೇ "ಚುಕ್ಕಿಲಿಂಗಾ" ಎಂದು ಕೂಗಿತು. ಎಲ್ಲೋ ದೂರದಿಂದ ಪುಟ್ಟ ಮಗುವೊಂದು, "ಬಂದೆ ಕಣಮ್ಮಾ" ಎಂದಿತು.

ಆ ಬಿಸಿಲಿನಲ್ಲೂ ದಾನೇಶ್ವರಿಯ ಕಿವಿ ತಣ್ಣಗಾಯಿತು. ಉಸಿರಾಡದೆ ಹುಟ್ಟಿದ ತನ್ನ ಮಗುವಿಗೆ ಅವಳು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಅದು. ಹೇಳಿಕೊಂಡಿದ್ದು ಓರಗಿತ್ತಿ ಮಧುಶ್ರೀ ಒಬ್ಬಳಿಗೇ.

"ನನ್ ಕೂಸಿನ ಹೆಸ್ರ ಯಾರಿಗ್ ಮಾರ್ಕೊಂಡೆ ಕಣೇ?" ಎಂದು ಅವಳನ್ನು ತಡೆದು ಕೇಳಿದಳು.

"ನಿನ್ನಾಣೆಗೂ ನಾನು ಬಾಯಿ ಬಿಟ್ಟಿಲ್ಲ ಕಣಕ್ಕಾ!"

ದಾನೇಶ್ವರಿ ನಂಬಲಿಲ್ಲ. ಕರುಳಿನ ಸಂಕಟ ಕೇಳಿಸಿಕೊಂಡವಳೇ ಹೀಗೆ ಮಾಡಿದಳಲ್ಲ ಎಂದು ಅವಳೊಂದಿಗೆ ಮಾತು ಬಿಟ್ಟಳು. ಮಧುಶ್ರೀ ಅತ್ತೂ ಅತ್ತೂ ಸಾಕಾಗಿ, ಗಂಡನನ್ನು ಹೊರಡಿಸಿಕೊಂಡು ನೊಣವಿನಕೆರೆಯಲ್ಲಿ ಬೇರೆ ಮನೆ ಮಾಡಿದಳು.

ಅವರು ಹೋದ ಮೇಲೆ ದಾನೇಶ್ವರಿ ಆ ಪಾಠವನ್ನು ಅಳಿಸಲೆಂದು ಮೊಬೈಲ್ ತೆಗೆದಳು. ಅದರ ಕೆಳಗಿದ್ದ ತಾರೀಖು ಆಗ ಕಣ್ಣಿಗೆ ಬಿತ್ತು. ಆ ಪಾಠ ಹೊರಬಂದಾಗ ಅವಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.